ಹಿಂದೆ ನಡೆಯುವವಳು

ಪೆಟ್ಟಿಗೆ ಹಗುರವಾಗಿತ್ತು. ಇಬ್ಬರ ಭಾರ ಇರಬೇಕಿತ್ತಲ್ಲ ಎಂದುಕೊಳ್ಳುತ್ತಲೇ ಅವಳು ಕೊರಿಯರ್‌ನವನ ಮೊಬೈಲ್ ಪರದೆಯ ಮೇಲೆ ಬೆರಳಿನಿಂದ ಸಹಿ ಗೀಚಿದಳು. ಸಹಿ ತನ್ನದೆನ್ನಿಸಲಿಲ್ಲ. ಆ ಪರದೆಯ ಮೇಲೆ ಯಾರು ಗೀಚಿದರೂ ಹಾಗೆಯೇ ಬರುತ್ತದೇನೋ.

“ಒಳಗೇನು ಮೇಡಂ, ಗಾಜಾ?”

“ಅಲ್ಲ.”

“ಮತ್ತೆ ನಾಕೂ ಕಡೆ ಜೋಪಾನ ಜೋಪಾನ ಅಂತ ಬರ್ದಿದಾರೆ?”

“ಗೊಂಬೆ.”

ಅಂದುಬಿಟ್ಟ ಮೇಲೆ ಕಿವಿ ಬಿಸಿಯಾಯಿತು. ಸಂಗ್ರಹಿಸುವವರು ಯಾರೂ ಗೊಂಬೆ ಅನ್ನುವುದಿಲ್ಲ, ಫಿಗರ್ ಅನ್ನುತ್ತಾರೆ. ಮುದ್ರೆ ಒಡೆಯದೆ ಪೆಟ್ಟಿಗೆಯಲ್ಲಿದ್ದರೆ ಫಿಗರ್, ಒಡೆದರೆ ಗೊಂಬೆ. ಈ ಮಾತನ್ನು ತಾನು ಕೆಲಸ ಮಾಡುವ ಸುದ್ದಿತಾಣದಲ್ಲಿ ಬರೆದು ನಾಲ್ಕು ಜನರಿಂದ ಹೊಗಳಿಸಿಕೊಂಡವಳೂ ಅವಳೇ.

“ಮಕ್ಕಳಿಗಾ? ಒಳ್ಳೇದು” ಎಂದು ಕೊರಿಯರ್‌ನವನು ಮೆಟ್ಟಿಲಿಳಿದು ಹೋದ. ಕೂಗಿ ಕರೆದು, ಮಕ್ಕಳಿಗಲ್ಲ, ಅಕ್ಕನಿಗೆ ಎಂದು ಹೇಳಬೇಕೆನ್ನಿಸಿತು. ಹೇಳಿದ್ದರೆ ಅವನು ಮೆಟ್ಟಿಲಲ್ಲೇ ನಿಂತು ನಗುತ್ತಿದ್ದ.

ಆಫೀಸು ಎಂದರೆ ಬೀಗದ ಕೈ ಮಾಡಿಕೊಡುವ ಅಂಗಡಿಯ ಮೇಲಿನ ಒಂದು ಕೋಣೆ. ಕೆಳಗೆ ಲೋಹ ಉಜ್ಜುವ ಸದ್ದು ದಿನವಿಡೀ ಹಲ್ಲಿಗೆ ಬಂದು ತಾಗುತ್ತದೆ. ಮೂರು ಮೇಜು, ಮೂರು ಜನ: ಸಂಪಾದಕ, ಕ್ಯಾಮೆರಾದವನು, ಅವಳು. ಬೆಳಗಿನಿಂದ ಸಂಜೆಯವರೆಗೆ ಮೂವರಿಗೂ ಒಂದೇ ಧ್ಯಾನ. ‘ಉಪ್ಪಿನ ಕೋಟೆ’ ಎಂಬ ಏಳು ಸಂಪುಟಗಳ ಮಾಯಾಲೋಕದ ಕಾದಂಬರಿ ಈಗ ಸೀರೀಸ್ ಆಗಿ ಪರದೆಗೆ ಬರುತ್ತಿದೆ, ಅದರ ಸುದ್ದಿ. ನಾಯಕಿ ಕೂದಲು ಕತ್ತರಿಸಿಕೊಂಡರೆ ಸುದ್ದಿ. ಚಿತ್ರೀಕರಣದ ಕುದುರೆಗೆ ಭೇದಿಯಾದರೆ ಸುದ್ದಿ. ಏನೂ ಆಗದ ದಿನ, ಯಾಕೆ ಏನೂ ಆಗುತ್ತಿಲ್ಲ ಎಂಬುದು ಸುದ್ದಿ.

ಅವಳು ಸಾಹಿತ್ಯದಲ್ಲಿ ಎಂ.ಎ. ಮಾಡಿದವಳು. ಸಂದರ್ಶನದ ದಿನ ಸಂಪಾದಕ ಪ್ರಮಾಣಪತ್ರಗಳ ಕಡೆ ಕಣ್ಣೂ ಹಾಯಿಸಲಿಲ್ಲ. ನಾಲ್ಕನೆಯ ಸಂಪುಟದಲ್ಲಿ ಉತ್ತರದ ಬಾಗಿಲು ತೆರೆದವರು ಯಾರು ಎಂದು ಕೇಳಿದ. ಅವಳು ಪುಟಸಂಖ್ಯೆಯ ಸಮೇತ ಹೇಳಿದಳು. ಅಂದಿನಿಂದ ಇಲ್ಲಿ ಅವಳ ಹೆಸರು ವಿಶ್ವಕೋಶ. ಕಪಾಟಿನಲ್ಲಿಟ್ಟು ಬೇಕಾದಾಗ ಎಳೆದುಕೊಳ್ಳುವ ವಸ್ತು.

ಪೆಟ್ಟಿಗೆಯ ಹೊರಕಾಗದ ಹರಿದಳು. ಒಳಪೆಟ್ಟಿಗೆಯ ಮುಂಬದಿಗೆ ಪಾರದರ್ಶಕ ಹಾಳೆ. ಅದರ ಹಿಂದೆ ಮೊಳದುದ್ದದ ದೀಪದವಳು, ಬೂದು ನಿಲುವಂಗಿ, ಕೈಯಲ್ಲಿ ಕಂದೀಲು. ಒಬ್ಬಳೇ.

ವರ್ಷದ ಹಿಂದೆ ಅವಳು ಕಾಯ್ದಿರಿಸಿದ್ದು ಅಕ್ಕತಂಗಿಯರ ಜೋಡಿಯನ್ನು.

*

ಪುಸ್ತಕದಲ್ಲಿ ಅದು ಹೀಗೆ. ಉಪ್ಪಿನ ಕೋಟೆಯ ಸುರಂಗಗಳಲ್ಲಿ ದೀಪದವಳು ಮುಂದೆ ನಡೆಯುತ್ತಾಳೆ. ಜನ ಅವಳನ್ನು ಹಿಂಬಾಲಿಸುತ್ತಾರೆ, ಹಾಡಿ ಹೊಗಳುತ್ತಾರೆ. ಆದರೆ ದೀಪ ಹಿಡಿದವಳ ಕಣ್ಣಿಗೆ ದೀಪವೇ ಅಡ್ಡ. ಅದರಾಚೆಗೆ ಏನೂ ಕಾಣದು. ಕಾಣುವುದು ಅವಳ ಹಿಂದೆ, ನೆರಳಿನಲ್ಲಿ ನಡೆಯುವ ತಂಗಿಗೆ. ತಂಗಿ ಅಕ್ಕನ ಎಡಗೈ ಹಿಡಿದಿರುತ್ತಾಳೆ. ಒಂದು ಸಲ ಅದುಮಿದರೆ ನಿಲ್ಲು. ಎರಡು ಸಲ ಅದುಮಿದರೆ ನಡೆ. ಏಳು ಸಂಪುಟಗಳಲ್ಲಿ ಅವಳಿಗೆ ಮಾತಿಲ್ಲವೆಂದರೂ ನಡೆದೀತು. ಇಬ್ಬರಿದ್ದಾರೆಂಬುದೇ ಕೋಟೆಯ ಮುಕ್ಕಾಲು ಪಾಲು ಜನಕ್ಕೆ ಗೊತ್ತಿಲ್ಲ.

ಅಕ್ಕ ಮತ್ತು ಅವಳು ಒಂದೇ ಪ್ರತಿಯನ್ನು ಮಂಚದ ಮೇಲೆ ಬೋರಲು ಬಿದ್ದು ಓದಿದ್ದರು. ಪುಟ ತಿರುವುವ ಹಕ್ಕು ಅಕ್ಕನದು. ಕರೆಂಟು ಹೋದಾಗ ಮೋಂಬತ್ತಿ ಹಿಡಿಯುವ ಹಕ್ಕೂ ಅಕ್ಕನದು. ಅವಳು ಹಿಂದೆ. ಅಡುಗೆಮನೆಯ ಹೊಸ್ತಿಲು ಬಂದರೆ ಒಂದು ಸಲ, ದಾಟಿದ ಮೇಲೆ ಎರಡು ಸಲ. ಆಮೇಲೆ ಅದು ರಸ್ತೆ ದಾಟುವಾಗಲೂ ಬಂತು, ಪರೀಕ್ಷೆಯ ಫಲಿತಾಂಶ ನೋಡುವಾಗಲೂ ಬಂತು. ಅಪ್ಪ ಹೋದ ದಿನ ಅಕ್ಕ ಆಸ್ಪತ್ರೆಯ ಕಾರಿಡಾರಿನಲ್ಲಿ ಕಂಬದಂತೆ ನಿಂತುಬಿಟ್ಟಾಗ, ಅವಳು ಕೈ ಹಿಡಿದು ಎರಡು ಸಲ ಅದುಮಿದಳು. ಅಕ್ಕ ನಡೆದಳು. ಎಲ್ಲರೂ ಅಕ್ಕನ ಧೈರ್ಯ ಮೆಚ್ಚಿದರು.

ಈಗ ಅಕ್ಕ ಹಲ್ಲಿನ ಡಾಕ್ಟರು. ಅವಳು ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಇಸ್ತ್ರಿ ಮೇಜು, ಹಳೆಯ ಸೂಟ್‌ಕೇಸುಗಳ ಜೊತೆ ಇರುತ್ತಾಳೆ. ಹೋದ ವಾರ ಭಾವ ಅಳತೆಯ ಟೇಪು ಹಿಡಿದುಕೊಂಡು ಆ ಕೋಣೆಗೆ ಬಂದಿದ್ದ. ಅವಳು ಬಟ್ಟೆ ಮಡಿಸುತ್ತಿದ್ದಳು. “ನೀನಿರು, ನೀನಿರು, ಅಡ್ಡಿಯಿಲ್ಲ” ಎನ್ನುತ್ತ ಅವಳನ್ನು ಬಳಸಿಕೊಂಡು ಗೋಡೆಯಿಂದ ಗೋಡೆಗೆ ಅಳೆದ. ಮನೆಯಿಂದಲೇ ಕೆಲಸ ಮಾಡಲು ಅವನಿಗೆ ಒಂದು ಕೋಣೆ ಬೇಕಿತ್ತು.

ಇವತ್ತು ಬೆಳಿಗ್ಗೆ ಅಕ್ಕ ಚಹಾದ ಲೋಟ ನೋಡುತ್ತ, “ಸಂಜೆ ಬೇಗ ಬಾ, ಮಾತಾಡ್ಬೇಕು” ಎಂದಿದ್ದಳು. ಭಾವ ಪತ್ರಿಕೆಯ ಹವಾಮಾನದ ಕಾಲಂ ಅನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದ.

ಇವತ್ತು ಅಕ್ಕನ ಹುಟ್ಟುಹಬ್ಬವೂ ಹೌದು. ಪೆಟ್ಟಿಗೆ ಕೈಗಿಟ್ಟರೆ, ಕೈಕೈ ಹಿಡಿದು ನಿಂತ ಇಬ್ಬರನ್ನು ಕಂಡರೆ, ಅಕ್ಕನಿಗೆ ಎಲ್ಲ ನೆನಪಾಗುತ್ತದೆ. ನೆನಪಾದ ಮೇಲೆ ಕೋಣೆಯ ಮಾತು ಬಾಯಿಗೆ ಬರುವುದಿಲ್ಲ. ಇದು ಎಳಸು ಲೆಕ್ಕಾಚಾರವೆಂದು ಎಂ.ಎ. ಮಾಡಿದವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬೇರೆ ಲೆಕ್ಕಾಚಾರ ಹೊಳೆದಿರಲಿಲ್ಲ.

*

“ಬಂತಾ ವಿಶ್ವಕೋಶ? ತೋರ್ಸು ತೋರ್ಸು.” ಸಂಪಾದಕ ಕುರ್ಚಿಯ ಚಕ್ರ ಉರುಳಿಸಿಕೊಂಡು ಬಂದ. ಪೆಟ್ಟಿಗೆಯನ್ನು ಒಮ್ಮೆ ನೋಡಿ, ತಿರುಗಿಸಿ ಬೆನ್ನು ನೋಡಿ, ಮತ್ತೆ ತಿರುಗಿಸಿದ. “ಒಬ್ಬಳೇ ಇದಾಳೆ.”

“ಹೂಂ.”

“ತಂಗಿ ಎಲ್ಲಿ?”

ಅವಳು ಪಾರದರ್ಶಕ ಹಾಳೆಗೆ ಕಣ್ಣು ತಾಗಿಸಿ ಒಳಗೆ ಇಣುಕಿದಳು.

“ಅಯ್ಯೋ ಮಾರಾಯ್ತಿ, ಗೊತ್ತಾಗ್ಲಿಲ್ವಾ? ಸೀರೀಸ್‌ನಲ್ಲೇ ತಂಗಿ ಇಲ್ಲ! ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ರು, ಈಗ ಪೆಟ್ಟಿಗೇನೇ ಬಾಯಿ ಬಿಟ್ಟಿದೆ!”

ಈ ಕಸುಬಿನಲ್ಲಿ ಅದು ಎಲ್ಲರಿಗೂ ಗೊತ್ತಿರುವ ಗುಟ್ಟು. ಸೀರೀಸ್ ಮಾಡುವವರು ಏನನ್ನು ಮುಚ್ಚಿಟ್ಟರೂ ಫಿಗರ್ ಮಾಡುವವರಿಗೆ ಮೊದಲೇ ಹೇಳಲೇಬೇಕು. ಹಾಗಾಗಿ ಕಥೆ ಸೋರುವುದು ಪೆಟ್ಟಿಗೆಗಳಿಂದ.

“ಹಿಂದೆ ಇರ್ಬಹುದು” ಎಂದಳು ಅವಳು.

“ಯಾರು?”

“ತಂಗಿ. ಅವಳು ಯಾವಾಗ್ಲೂ ಹಿಂದೆ ತಾನೇ ಇರೋದು. ಎದುರಿಂದ ನೋಡೋರಿಗೆ ಕಾಣಬಾರದು. ಎರಡನೇ ಸಂಪುಟದಲ್ಲಿ ಕಾವಲುಗಾರನೂ ಒಬ್ಬಳೇ ಅಂತ ಎಣಿಸ್ತಾನೆ. ಅದನ್ನೇ ಇಲ್ಲಿ ಮಾಡಿದಾರೆ. ಬೇಕಂತಲೇ.”

ಹೇಳುತ್ತ ಹೇಳುತ್ತ ಅವಳಿಗೆ ನಂಬಿಕೆ ಬಂತು. ಎಷ್ಟು ಜಾಣತನ! ಪುಸ್ತಕ ಓದಿದವರಿಗೆ ಮಾತ್ರ ಹುಡುಕಬೇಕೆಂದು ತೋಚುತ್ತದೆ. ಪೆಟ್ಟಿಗೆ ಹಗುರವಾಗಿದ್ದರೇನು, ತಂಗಿ ಪುಟ್ಟವಳು, ಅವಳ ಭಾರ ಎಷ್ಟಿದ್ದೀತು.

“ಹಂಗೇನಾದ್ರೂ ಇದ್ರೆ ಬೆಂಕಿ ವಿಡಿಯೋ” ಎಂದ ಕ್ಯಾಮೆರಾದವನು, ಆಗಲೇ ದೀಪಗಳನ್ನು ಹೊತ್ತಿಸುತ್ತ.

“ಮುದ್ರೆ ಒಡೀಬೇಕಾಗತ್ತೆ” ಎಂದ ಸಂಪಾದಕ. ಅವನಿಗೂ ಆ ವಿಷಯದಲ್ಲಿ ಭಕ್ತಿಯಿತ್ತು. “ನಿನ್ನ ಸ್ವಂತದ್ದು. ನಾನು ಬಲವಂತ ಮಾಡಲ್ಲ.”

ಅವಳು ಇದುವರೆಗೆ ಯಾವ ಪೆಟ್ಟಿಗೆಯನ್ನೂ ತೆರೆದವಳಲ್ಲ. ಕೊಂಡವೆಲ್ಲ ಮುದ್ರೆಯ ಸಮೇತ ಅಕ್ಕನ ಸೂಟ್‌ಕೇಸುಗಳಲ್ಲಿ ಮಲಗಿದ್ದವು. ಉಡುಗೊರೆ ಕೊಡುವುದನ್ನು ಒಡೆದು ಕೊಡುವುದುಂಟೇ? ಆದರೆ ಒಳಗೆ, ಕತ್ತಲಲ್ಲಿ, ಅಕ್ಕನ ಬೆನ್ನಿಗೆ ಮುಖ ಒತ್ತಿಕೊಂಡು ಒಬ್ಬಳು ನಿಂತಿರುವಾಗ ಮುದ್ರೆಯನ್ನು ಹಾಗೇ ಬಿಡುವುದು ಹೇಗೆ? ಅವಳು ತಾನೇ ಕತ್ತರಿ ತೆಗೆದುಕೊಂಡಳು.

ಕ್ಯಾಮೆರಾ ಹತ್ತಿರ ಬಂತು. ದೀಪದವಳನ್ನು ಸೊಂಟ ಹಿಡಿದು ನಿಧಾನವಾಗಿ ಹೊರಗೆಳೆದಳು.

ಹಿಂದೆ ಒಂದು ಪುಟ್ಟ ಬಿಳಿ ಪೊಟ್ಟಣವಿತ್ತು. ತೇವ ಹೀರಲು ಇಡುತ್ತಾರಲ್ಲ, ಅಂಥದ್ದು. ಮೇಲೆ ‘ತಿನ್ನಬಾರದು’ ಎಂದು ಮುದ್ರಿಸಿತ್ತು.

ಸಂಪಾದಕ ಒಂದು ಕ್ಷಣ ನಗು ತಡೆದ. ಆಮೇಲೆ ತಡೆಯಲಿಲ್ಲ. “ಸಿಕ್ಕಳು! ತಂಗಿ ಸಿಕ್ಕಳು! ತಿನ್ನಬಾರದಂತೆ!” ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡ. ಕ್ಯಾಮೆರಾದವನು ಕೆಂಪು ಗುಂಡಿ ಆರಿಸದೆ ಪೊಟ್ಟಣದಿಂದ ಅವಳ ಮುಖಕ್ಕೆ, ಅವಳ ಮುಖದಿಂದ ಪೊಟ್ಟಣಕ್ಕೆ ಹೋಗಿ ಬಂದ.

ಅವಳೂ ನಕ್ಕಳು. ನಗದಿದ್ದರೆ ಇನ್ನಷ್ಟು ಹೊತ್ತು ಅವಳ ಮುಖವನ್ನೇ ತೋರಿಸುತ್ತಿದ್ದರು.

*

ದೀಪದವಳು ಮಧ್ಯಾಹ್ನದವರೆಗೆ ಅವಳ ಮೇಜಿನ ಮೇಲೆ ನಿಂತಿದ್ದಳು. ಕಂದೀಲು ಎಡಗೈಯಲ್ಲಿತ್ತು. ಪುಸ್ತಕದಲ್ಲಿ ಅದು ಬಲಗೈಯಲ್ಲಿ. ಬಲಗೈ ಇಲ್ಲಿ ಸುಮ್ಮನೆ ನಿಲುವಂಗಿಯ ಅಂಚು ಹಿಡಿದಿತ್ತು. ಎಡಗೈ ತುಸು ಹಿಂದಕ್ಕೆ, ಕೆಳಕ್ಕೆ ಚಾಚಿಕೊಂಡಿತ್ತು. ಬೆರಳುಗಳು ಏನನ್ನೋ ಮೃದುವಾಗಿ ಸುತ್ತುವರಿದ ಹಾಗೆ ಮಡಚಿದ್ದವು. ದೀಪ ಹಿಡಿಯುವವರು ಹಾಗೆ ಹಿಡಿಯುವುದಿಲ್ಲ. ಮುಟ್ಟಿ ನೋಡಿದಳು. ಕಂದೀಲಿನ ಹಿಡಿ ಆ ಮುಷ್ಟಿಯಲ್ಲಿ ಲೊಡಲೊಡ ಅಲ್ಲಾಡಿತು.

ಅರ್ಥವಾಯಿತು. ಅಚ್ಚು ಮೊದಲು ತಯಾರಾಗಿದೆ, ಇಬ್ಬರಿದ್ದಾಗ. ಕಥೆ ಆಮೇಲೆ ಬದಲಾಗಿದೆ. ಅಚ್ಚನ್ನು ಎಸೆಯಲು ಅವರಿಗೆ ಮನಸ್ಸು ಬಂದಿಲ್ಲ. ಖಾಲಿ ಕೈಗೆ ದೀಪ ತುರುಕಿದ್ದಾರೆ.

“ಸರ್, ಇದು ದೀಪ ಹಿಡಿಯೋ ಕೈ ಅಲ್ಲ.”

“ಮತ್ತೆ?”

“ಇನ್ನೊಂದು ಕೈ ಹಿಡಿಯೋ ಕೈ.”

“ಬರಿ, ಅದನ್ನೂ ಬರಿ. ಕೊನೇ ಪ್ಯಾರಾದಲ್ಲಿ ಹಾಕು.” ಅವನು ಫಿಗರ್ ಹಂಚುವ ಕಂಪನಿಯ ಪರಿಚಿತನೊಬ್ಬನಿಗೆ ಫೋನು ಹಚ್ಚಿದ್ದ. ಇಟ್ಟ ಮೇಲೆ ಅಂಗೈ ಉಜ್ಜಿಕೊಂಡ. “ಖಚಿತ. ಇಬ್ಬರನ್ನೂ ಸೇರಿಸಿ ಒಬ್ಬಳು ಮಾಡಿದಾರಂತೆ. ಕಥೆ ಚುರುಕಾಗತ್ತಂತೆ.”

ಅವಳು ‘ತಂಗಿಯನ್ನು ತೆಗೆದುಹಾಕಿದ್ದಾರೆ’ ಎಂದು ಶುರುಮಾಡಿದಳು. ಸಂಪಾದಕ ‘ಅಕ್ಕನಲ್ಲಿ ವಿಲೀನಗೊಳಿಸಿದ್ದಾರೆ’ ಎಂದು ತಿದ್ದಿದ. ‘ಕತ್ತಲಲ್ಲಿ ಕಾಣಬಲ್ಲವಳು ಇಲ್ಲದೆ ದೀಪದವಳು ಎಲ್ಲಿಗೆ ಹೋಗುತ್ತಾಳೆ’ ಎಂಬ ಸಾಲಿಗೆ ಬಂದು ತಲೆ ಕೆರೆದುಕೊಂಡ.

“ಚೆನ್ನಾಗಿದೆ. ಆದ್ರೆ ಬೇಡ. ಓದೋರು ನಿನ್ನ ಗೋಳು ಕೇಳೋಕೆ ಬರಲ್ಲ. ‘ಹೊಸ ದೀಪದವಳು ಇನ್ನಷ್ಟು ಬಲಶಾಲಿ’ ಅಂತ ಮುಗಿಸು.”

“ಅವಳು ಬಲಶಾಲಿ ಅಲ್ಲ ಸರ್. ಅವಳಿಗೇನೂ ಕಾಣಲ್ಲ.”

“ಕಾಣೋ ಹಾಗೆ ಬರಿ.”

ಬರೆದಳು. ಕೊನೆಯ ಪ್ಯಾರಾ ಹೋಯಿತು, ಅದರ ಜೊತೆ ಕೈಯೂ ಹೋಯಿತು. ಸುದ್ದಿಯ ನೆತ್ತಿಯ ಮೇಲೆ ಪೊಟ್ಟಣದ ವಿಡಿಯೋ ಕೂತಿತು. ಕೆಳಗೆ ಅಭಿಪ್ರಾಯಗಳು ಇರುವೆಯಂತೆ ಮುತ್ತಿದವು. ಯಾವ ತಂಗಿ? ಅವಳು ಎರಡನೇ ಸಂಪುಟದಲ್ಲೇ ಸತ್ತಿದ್ಲಲ್ವಾ? ಒಳ್ಳೇದಾಯ್ತು ಬಿಡಿ, ಸುಮ್ನೆ ಹಿಂದೆ ಹಿಂದೆ ಬರ್ತಿದ್ಲು. ಅವಳು ಅಡ್ಡಹೆಸರಿನಲ್ಲಿ, ಪುಟಸಂಖ್ಯೆಯ ಸಮೇತ, ತಂಗಿ ಏಳನೆಯ ಸಂಪುಟದ ಕೊನೆಯ ಪುಟದಲ್ಲೂ ಬದುಕಿದ್ದಾಳೆ ಎಂದು ಉತ್ತರಿಸಿದಳು. ತಕ್ಷಣ ಪ್ರತ್ಯುತ್ತರ ಬಂತು: ಅಷ್ಟು ಗೊತ್ತಿದ್ರೆ ನೀನೇ ತೆಗಿ ಸೀರೀಸು.

ಮೆಟ್ಟಿಲಿಗೆ ಬಂದು ಅಕ್ಕನಿಗೆ ಫೋನು ಮಾಡಿದಳು.

“ಬೇಗ ಹೇಳು, ಒಬ್ಬರನ್ನ ಬಾಯಿ ತೆರೆಸಿ ಕೂರಿಸಿದೀನಿ.”

“ಉಪ್ಪಿನ ಕೋಟೆ ನೆನಪಿದೆಯಾ ಅಕ್ಕ?”

“ಇದಕ್ಕಾ ಫೋನ್ ಮಾಡಿದ್ದು?”

“ಒಂದೇ ಒಂದು ಕೇಳ್ತೀನಿ. ದೀಪದವಳ ಹಿಂದೆ ಯಾರು ನಡೀತಿದ್ರು?”

ಅತ್ತ ಏನೋ ಯಂತ್ರ ಗಿರ್ರೆಂದಿತು. ಇತ್ತ ಕೆಳಗಿನ ಅಂಗಡಿಯಲ್ಲಿ ಬೀಗದ ಕೈ ಗಿರ್ರೆಂದಿತು. ಎರಡೂ ಒಂದೇ ಸದ್ದು.

“ನಾಯಿ ಅಲ್ವಾ?” ಎಂದಳು ಅಕ್ಕ. “ಒಂದು ಕರೀ ನಾಯಿ ಇತ್ತು.”

“ನಾಯಿ ಅಲ್ಲ.”

“ಮತ್ತೆ?”

“ಏನಿಲ್ಲ ಬಿಡು.”

“ನೋಡು, ಸಂಜೆ ಮರೀದೆ ಬೇಗ ಬಾ. ಮಾತಾಡೋಣ ಅಂದಿದ್ದೆ... ಹೇಗೂ ಫೋನ್ ಮಾಡಿದೀಯ, ಹೇಳಿಬಿಡ್ತೀನಿ. ನಿಮ್ಮ ಭಾವ ಮೇಜು ಆರ್ಡರ್ ಮಾಡಿಬಿಟ್ಟಿದಾರೆ. ನಿನ್ನ ಆಫೀಸಿನ ಹತ್ರಾನೇ ಒಂದು ಹಾಸ್ಟೆಲ್ ಇದೆಯಂತೆ, ನಿಂಗೇ ಅನುಕೂಲ. ಬೇಜಾರಾಯ್ತಾ?” ಅವಳು ಬಾಯಿ ತೆರೆಯುವಷ್ಟರಲ್ಲಿ ಅಕ್ಕ, “ಇನ್ನೂ ಅಗಲ ತೆಗೀರಿ” ಎಂದಳು. ಅದು ಕುರ್ಚಿಯಲ್ಲಿದ್ದವರಿಗೆ.

*

ಬಸ್ಸಿನಲ್ಲಿ ಪೆಟ್ಟಿಗೆ ಅವಳ ತೊಡೆಯ ಮೇಲಿತ್ತು. ಮುಚ್ಚಳ ನಿಲ್ಲುತ್ತಿರಲಿಲ್ಲ. ಹಾಗೇ ಇನ್ನೊಮ್ಮೆ ನೋಡೋಣವೆಂದು ದೀಪದವಳನ್ನು ಹೊರಗೆ ತೆಗೆದಳು. ಚಾಲಕ ಬ್ರೇಕು ಹಾಕಿದ. ಕಂದೀಲು ಮುಷ್ಟಿಯಿಂದ ಜಾರಿ, ಸೀಟುಗಳ ಕೆಳಗೆ, ಚಪ್ಪಲಿ ಬೂಟುಗಳ ನಡುವೆ ಉರುಳಿಹೋಯಿತು.

ಬಗ್ಗಿ ಹುಡುಕಿದಳು.

“ಏನು ಬಿತ್ತಮ್ಮಾ?” ಎಂದ ಮುಂದಿನ ಸೀಟಿನವನು ಕಾಲೆತ್ತಿ.

“ದೀಪ.”

“ಆಂ?”

“ಏನಿಲ್ಲ.”

ಸಿಗಲಿಲ್ಲ. ಸಿಗದಿದ್ದದ್ದಕ್ಕೆ ಒಳಗೊಳಗೆ ಸಮಾಧಾನವೂ ಆಯಿತು. ಈಗ ದೀಪದವಳು ಖಾಲಿ ಕೈ ಹಿಂದಕ್ಕೆ ಚಾಚಿಕೊಂಡು ನಿಂತಿದ್ದಳು, ಯಾರನ್ನೋ ಬಾ ಎನ್ನುವ ಹಾಗೆ. ಅತ್ತಿತ್ತ ನೋಡಿ, ಅವಳು ತನ್ನ ಕಿರುಬೆರಳನ್ನು ಆ ಮುಷ್ಟಿಯೊಳಗೆ ಇಟ್ಟಳು.

ಹೇಳಿ ಮಾಡಿಸಿದ ಹಾಗೆ ಕೂತಿತು.

ಬಸ್ಸು ಗುಂಡಿಯೊಂದಕ್ಕೆ ಇಳಿದು ಎದ್ದಿತು. ಬೆರಳು ಗೆಣ್ಣಿನಾಚೆಗೆ ಹೋಯಿತು. ಎಳೆದಳು. ಬರಲಿಲ್ಲ. ತಿರುಗಿಸಿ ಎಳೆದಳು. ಚರ್ಮ ಮಡಿಕೆಯಾಗಿ ಎದ್ದಿತೇ ಹೊರತು ಬೆರಳು ಜಗ್ಗಲಿಲ್ಲ. ಪಕ್ಕದ ಹೆಂಗಸು ಬಹಳ ಹೊತ್ತಿನಿಂದ ಗಮನಿಸುತ್ತಿದ್ದವಳು, “ಸೋಪು ಹಾಕಿದ್ರೆ ಬಂದುಬಿಡತ್ತೆ” ಎಂದಳು. ತುಸು ಬಿಟ್ಟು, “ಮಗುದಾ?”

“ಹೂಂ.”

“ನಮ್ಮನೇಲೂ ಹೀಗೇ. ಅವು ಆಡೋದು ಬಿಟ್ಟು ನಾವು ಆಡೋಕೆ ಹೋಗಿ ಸಿಕ್ಕಾಕ್ಕೊಳ್ತೀವಿ.”

ಇಳಿಯುವಾಗ ಒಂದು ಕೈಯಲ್ಲಿ ಖಾಲಿ ಪೆಟ್ಟಿಗೆ, ಇನ್ನೊಂದರ ಕಿರುಬೆರಳಿಗೆ ದೀಪದವಳು ಜೋತುಬಿದ್ದಿದ್ದಳು.

*

ಅಕ್ಕನ ಮನೆಯ ಮಹಡಿಯ ದೀಪ ಯಾರಾದರೂ ಅಲ್ಲಾಡಿದರೆ ಮಾತ್ರ ಉರಿಯುತ್ತದೆ. ಅಲ್ಲಾಡದೆ ನಿಂತರೆ ಯಾರೂ ಇಲ್ಲವೆಂದುಕೊಂಡು ತಾನೇ ಆರುತ್ತದೆ. ಉಳಿತಾಯಕ್ಕೆಂದು ಭಾವ ಹಾಕಿಸಿದ್ದು. ಅವಳು ಬಾಗಿಲ ಮುಂದೆ ಬಂದಾಗ ಉರಿಯಿತು. ಮೊಣಕೈಯಿಂದ ಗಂಟೆ ಒತ್ತಿದಳು.

ಅಕ್ಕ ಬಾಗಿಲು ತೆಗೆದಳು. ಅವಳ ಹಿಂದೆ ನಡುಮನೆಯಲ್ಲಿ ಸೂಟ್‌ಕೇಸುಗಳು ಸಾಲಾಗಿ ನಿಂತಿದ್ದವು. ಇಸ್ತ್ರಿ ಮೇಜು ಕಾಲು ಮಡಚಿಕೊಂಡು ಗೋಡೆಗೆ ಒರಗಿತ್ತು.

“ಧೂಳು ಹೊಡೀತಿದ್ವಿ, ಅಷ್ಟೇ” ಎಂದಳು ಅಕ್ಕ, ಅವಳ ಕಣ್ಣು ಎಲ್ಲಿದೆಯೆಂದು ನೋಡಿ. “ಏನದು ಕೈಯಲ್ಲಿ?”

“ನಿಂಗೆ. ಹುಟ್ಟುಹಬ್ಬಕ್ಕೆ.”

“ಅಯ್ಯೋ ಪೆದ್ದಿ, ಈ ವಯಸ್ಸಲ್ಲಿ ನಂಗ್ಯಾಕೆ ಗೊಂಬೆ?” ಆದರೂ ಅಕ್ಕನ ಮುಖ ಅರಳಿತು. “ಕೊಡು ಮತ್ತೆ.” ದೀಪದವಳ ತಲೆ ಹಿಡಿದು ಎಳೆದಳು. ಬೆರಳೂ ಬಂತು, ಕೈಯೂ ಬಂತು, ಹಿಂದೆ ಅವಳೂ ಒಂದು ಹೆಜ್ಜೆ ಬಂದಳು. “ಬಿಡೇ.”

“ನಾನು ಹಿಡ್ಕೊಂಡಿಲ್ಲ ಅಕ್ಕ. ಅದು ಹಿಡ್ಕೊಂಡಿದೆ.”

ಅಕ್ಕ ನಕ್ಕಳು. ಬಹಳ ದಿನಗಳ ಮೇಲೆ, ಮಂಚದ ಮೇಲೆ ಬೋರಲು ಬಿದ್ದು ನಕ್ಕ ಹಾಗೆ ನಕ್ಕಳು. ಈಗ ಕೇಳಬೇಕು ಎನ್ನಿಸಿತು ಅವಳಿಗೆ. ಈ ಕೈ ನೋಡು, ಯಾಕೆ ಹಿಂದಕ್ಕೆ ಚಾಚಿದೆ ಹೇಳು. ಇಷ್ಟೇ. ಬಾಯಿ ತೆರೆದಳು.

“ಯಾರು ಬಂದಿದ್ದು?” ಭಾವ ಒಳಗಿನಿಂದ ಕೂಗಿದ.

“ಯಾರಿಲ್ಲ ರೀ, ಇವಳೇ” ಎಂದಳು ಅಕ್ಕ.

ಆಮೇಲೆ ಅವಳ ಮಣಿಕಟ್ಟು ಹಿಡಿದು, ರೋಗಿಗಳ ಜೊತೆ ಆಡುವ ದನಿಯಲ್ಲಿ, “ಅಲ್ಲಾಡಬೇಡ. ಒಂದೇ ನಿಮಿಷ. ನೋವಾದ್ರೆ ಇನ್ನೊಂದು ಕೈ ಎತ್ತು” ಎಂದು ಜಗ್ಗಿದಳು. ಇನ್ನೊಂದು ಕೈಯಲ್ಲಿ ಪೆಟ್ಟಿಗೆಯಿತ್ತು. ಅವಳು ಎತ್ತಲಿಲ್ಲ.

“ಊದ್ಕೊಂಡಿದೆ. ಇಲ್ಲೇ ಇರು, ಅಲ್ಲಾಡಬೇಡ, ಸೋಪಿನ ನೀರು ತರ್ತೀನಿ.”

ಅಕ್ಕ ಒಳಗೆ ಹೋದಳು. ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಂಡಿತು. ನಲ್ಲಿ ತಿರುಗಿಸಿದ ಸದ್ದು ಕೇಳಿತು. ಭಾವ ಏನೋ ಕೇಳಿದ. “ಕಿಟಕಿ ಕಡೆ ಬೇಡ, ಬಿಸಿಲು ಹೊಡೆಯತ್ತೆ” ಎಂದಳು ಅಕ್ಕ. ನಲ್ಲಿ ನಿಂತಿತು. ಅಳತೆಯ ಟೇಪು ಸರ್ರೆಂದು ತೆರೆದುಕೊಂಡಿತು. ಅಕ್ಕನ ದನಿ ಹಿಂದಿನ ಕೋಣೆಯ ಕಡೆಗೆ ನಡೆಯಿತು.

ಅವಳು ಅಲ್ಲಾಡದೆ ನಿಂತಿದ್ದಳು. ಮಹಡಿಯ ದೀಪ ಆರಿತು.

ಕತ್ತಲಲ್ಲಿ ಕಿರುಬೆರಳು ಮಿಡಿಯಿತು. ಪ್ಲಾಸ್ಟಿಕ್ಕಿನ ಮುಷ್ಟಿ ಅದನ್ನು ಅದುಮಿತು. ಒಂದು. ನಿಲ್ಲು ಎಂದುಕೊಂಡಳು. ಅಷ್ಟರಲ್ಲಿ ಎರಡು. ಸರಿ, ನಡೆ. ಕಾಲೆತ್ತುವ ಮೊದಲೇ ಮೂರು. ಮೂರಕ್ಕೆ ಏಳು ಸಂಪುಟಗಳಲ್ಲಿ ಎಲ್ಲೂ ಅರ್ಥವಿರಲಿಲ್ಲ. ಕೈ ಅದುಮುತ್ತಲೇ ಇತ್ತು.